ರಾಕ್ ಗೀತಗಳ ಕರ್ತೃತ್ವ ವಿಚಾರ

ಇಂಗ್ಲೆಂಡಿನಲ್ಲಿಯೂ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿಯೂ ಮುಖ್ಯವಾಗಿ ೧೯೬೦ರಿಂದ ೧೯೮೦ರ ವರೆಗಣ ಕಾಲದಲ್ಲಿ ಬೆಳೆದು, ಈಗ ‘ಕ್ಲಾಸಿಕ್ ರಾಕ್’ ಎಂಬ ಹೆಸರಿನಿಂದ ವ್ಯವಹರಿಸಲ್ಪಡುವ ಜನಪ್ರಿಯ ಸಂಗೀತದ ವಿಷಯದಲ್ಲಿ ಕೇಳುಗರು ಪದೇ ಪದೇ ಎತ್ತುವ ಪ್ರಶ್ನೆಗಳು ಕೆಲವುಂಟು. ಯಾವ ಮೇಳವು ಮೊದಲನೆಯದು, ಯಾವ ಗೀತವು ಯಾವುದರ ಅನುಕರಣ, ಇಂಥ ಗೀತವನ್ನು ರಚಿಸಿದವರಾರು ಎಂಬಿವು ಅವುಗಳಲ್ಲಿ ಮುಖ್ಯವಾದುವು. ಕಡೆಯ ಪ್ರಶ್ನೆಯು ಮೇಲುನೋಟಕ್ಕೆ ಅತ್ಯಂತ ಸುಲಭವಾದುದು. ಧ್ವನಿಮುದ್ರಿಕೆಗೆ ಅಂಟಿಸಿರುವ ಚೀಟಿಯನ್ನು ಓದಿದರೆ ಉತ್ತರವು ದೊರೆಯುವುದೆಂದು ತೋರುವುದು. ಪರಾಮರ್ಶಿಸಿದಲ್ಲಿ ಇದೇ ಎಲ್ಲಕ್ಕಿಂತಲೂ ಕಠಿಣವಾದುದೆಂದು ಕಂಡುಬರುತ್ತದೆ. ಅಂಕಿತವೊಂದನ್ನೇ ನಂಬಿ ವಚನದ ಕರ್ತೃವನ್ನು ನಿರ್ಣಯಿಸಲು ವಿದ್ವಾಂಸರು ಹೇಗೆ ಹಿಂದೆಗೆಯುವರೋ ಹಾಗೆಯೇ ಇಲ್ಲಿಯೂ ಹೆಸರನ್ನು ಸಾಕ್ಷ್ಯವಾಗಿ ಎಣಿಸಬೇಕೇ ಹೊರತು ನಿರ್ಣಯವಾಗಿ ಎಣಿಸಬಾರದು.

ಮೊದಲು ಬೀಟಲ್ಸ್ ಮೇಳವನ್ನು ತೆಗೆದುಕೊಳ್ಳಬಹುದು. ೧೯೫೭ನೆಯ ಇಸವಿ ಜುಲೈ ೬ನೆಯ ದಿನ ಲಿವರ್‌ಪೂಲಿನ ವುಲ್ಟನ್ ಎಂಬಲ್ಲಿ ಇಗರ್ಜಿಯ ಉತ್ಸವವೊಂದರಲ್ಲಿ ಜಾನ್ ಲೆನನ್, ಪಾಲ್ ಮೆಕಾರ್ಟ್ನಿ ಎಂಬಿಬ್ಬರು ತರುಣರು ಪರಿಚಿತರಾದರು. ಇಬ್ಬರಲ್ಲಿ ಯಾರು ರಚಿಸಿದರೂ ಇಬ್ಬರ ಹೆಸರನ್ನೂ ಹಾಕತಕ್ಕದ್ದೆಂದು ಅವರು ತಮ್ಮೊಳಗೆ ಒಪ್ಪಂದ ಮಾಡಿಕೊಂಡರು. ೧೯೬೩ರ ಮೊದಲ ಸಂಪುಟದಲ್ಲಿ ಮೆಕಾರ್ಟ್ನಿಯ ಹೆಸರು ಮುಂದೆಯೂ ಲೆನನ್ನನ ಹೆಸರು ಹಿಂದೆಯೂ ಇದ್ದಿತು. ಬೇಗನೆ ಆ ಕ್ರಮವು ತಿರುಗಿ, ‘ಲೆನನ್–ಮೆಕಾರ್ಟ್ನಿ’ ಎಂಬುದೇ ಸ್ಥಿರವಾಯಿತು. ೧೯೬೫ರ ‘ಯೆಸ್ಟರ್‌ಡೇ’ ಎಂಬ ಗೀತವು ಮೆಕಾರ್ಟ್ನಿಯೊಬ್ಬನ ರಚನೆ. ಅದರ ಮುದ್ರಿಕೆಯಲ್ಲಿ ಅವನ ಕಂಠವೂ ಗಿಟಾರೂ ನಾಲ್ಕು ತಂತಿವಾದ್ಯಗಳೂ ಕೇಳುವುವೇ ಹೊರತು ಮೇಳದ ಉಳಿದ ಮೂವರಲ್ಲಿ ಒಬ್ಬರೂ ಇಲ್ಲ. ಆದರೂ ಅದು ಇಬ್ಬರ ಹೆಸರಿನಲ್ಲಿಯೇ ನಿಂತಿದೆ. ಆದಕಾರಣ ಈ ಜೋಡಿ ಹೆಸರು ರಚನೆಯ ಚರಿತ್ರೆಯನ್ನು ಹೇಳುವುದಿಲ್ಲ. ಒಂದು ಪಾಲುಗಾರಿಕೆಯ ಕರಾರನ್ನು ಮಾತ್ರ ಹೇಳುತ್ತದೆ. ಕ್ವೀನ್ ಮೇಳದವರು ೧೯೮೯ರಲ್ಲಿ ‘ದಿ ಮಿರಾಕಲ್’ ಎಂಬ ಸಂಪುಟದ ಗೀತಗಳೆಲ್ಲವನ್ನೂ ಮೇಳದ ಹೆಸರಿನಲ್ಲಿಯೇ ಪ್ರಕಟಿಸಿದುದೂ ಇಂಥದೇ. ಅಲ್ಲಿ ಹೆಸರು ಸೌಹಾರ್ದವನ್ನು ಕಾಪಾಡಿತು, ಮಾಹಿತಿಯನ್ನು ಮರೆಸಿತು.

ಹೆಸರು ನಂಬುಗೆಗೆ ಸಾಲದೆ ಹೋದಲ್ಲಿ ರಚಿಸಿದವರನ್ನೇ ಕೇಳಬಹುದಲ್ಲವೇ ಎಂದು ಆಕ್ಷೇಪಿಸಬಹುದು. ೧೯೬೫ರ ‘ಇನ್ ಮೈ ಲೈಫ್’ ಎಂಬ ಗೀತದಲ್ಲಿ ಈ ದಾರಿಯೂ ಮುಚ್ಚಿಹೋಗಿದೆ. ಅದರ ಸಾಹಿತ್ಯವು ಬಹುಮಟ್ಟಿಗೆ ಲೆನನ್ನನದೆಂಬುದರಲ್ಲಿ ವಿವಾದವಿಲ್ಲ. ಮಟ್ಟಿನ ವಿಷಯದಲ್ಲಿ ಇಬ್ಬರ ನೆನಪುಗಳೂ ಒಂದನ್ನೊಂದು ಒಪ್ಪುವುದಿಲ್ಲ. ನಡುವಣ ಭಾಗದಲ್ಲಿ ಮಾತ್ರ ಮೆಕಾರ್ಟ್ನಿಯ ನೆರವಿತ್ತೆಂಬುದು ಲೆನನ್ನನ ಪಕ್ಷ. ಮಟ್ಟೆಲ್ಲವೂ ತನ್ನದೆಂಬುದು ಮೆಕಾರ್ಟ್ನಿಯ ಪಕ್ಷ. ೧೯೮೦ರಲ್ಲಿ ಲೆನನ್ ಹತನಾದ ಮೇಲೆ ಇವೆರಡನ್ನೂ ಎದುರಿಟ್ಟು ಕೇಳುವ ಅವಕಾಶವೂ ಉಳಿಯಲಿಲ್ಲ. ಗ್ಲಿಕ್‌ಮನ್, ಬ್ರೌನ್, ಸಾಂಗ್ ಎಂಬ ಗಣಿತಜ್ಞರು ಇಬ್ಬರ ನಿಸ್ಸಂದೇಹವಾದ ಗೀತಗಳಲ್ಲಿ ಯಾವ ಸ್ವರದ ಮುಂದೆ ಯಾವ ಸ್ವರ ಬರುವುದೆಂಬುದನ್ನು ಲೆಕ್ಕಹಾಕಿ ೧೯೧೯ಕ್ಕೆ ಸರಿಯಾಗಿ ನೂರು ವರ್ಷಗಳಾಚೆ, ೨೦೧೯ರಲ್ಲಿ, ಪ್ರಬಂಧವೊಂದನ್ನು ಪ್ರಕಟಿಸಿದರು. ಪದ್ಯಭಾಗವು ಲೆನನ್ನನದಾಗಿರುವ ಸಂಭವವೇ ಹೆಚ್ಚೆಂದೂ ನಡುವಣ ಭಾಗದಲ್ಲಿ ನಿರ್ಣಯವು ಅಷ್ಟು ದೃಢವಲ್ಲವೆಂದೂ ಅದರಿಂದ ತೋರಿಬರುತ್ತದೆ. ಕಾವ್ಯಗಳ ಕರ್ತೃತ್ವವನ್ನು ಪದಪ್ರಯೋಗದಿಂದ ಪರೀಕ್ಷಿಸುವ ವಿದ್ವಾಂಸರಿಗೆ ಈ ಮಾರ್ಗವು ಅಪರಿಚಿತವಲ್ಲ. ಅಂತಸ್ಸಾಕ್ಷ್ಯಕ್ಕೆ ಇರುವ ಮೇರೆಯೂ ಅಪರಿಚಿತವಲ್ಲ. ಜೊತೆಯಲ್ಲಿ ಕುಳಿತು ಹಾಡು ಕಟ್ಟುತ್ತಿದ್ದ ಇಬ್ಬರು ಒಬ್ಬರ ನಡೆಯನ್ನೊಬ್ಬರು ಕಲಿತಿರುವುದು ಸಹಜವಾದುದರಿಂದ, ಇಲ್ಲಿ ಸಂಭವವೇ ಸಿಕ್ಕುವುದಲ್ಲದೆ ಸಿದ್ಧಾಂತವು ಸಿಕ್ಕುವುದಿಲ್ಲ.

ಇಷ್ಟರಿಂದಲೂ ತೊಡಕು ಮುಗಿಯಲಿಲ್ಲ. ಆ ಗೀತವನ್ನು ಕೇಳಿದವರ ಮನಸ್ಸಿನಲ್ಲಿ ನಿಲ್ಲುವ ಪಿಯಾನೋ ವಾದನದ ಭಾಗವನ್ನು ರಚಿಸಿ ನುಡಿಸಿದವನು ಲೆನನ್ನನೂ ಅಲ್ಲ, ಮೆಕಾರ್ಟ್ನಿಯೂ ಅಲ್ಲ. ಮುದ್ರಣದ ನಿರ್ದೇಶಕನಾಗಿದ್ದ ಜಾರ್ಜ್ ಮಾರ್ಟಿನ್. ಅವನು ಅದನ್ನು ಅರ್ಧ ವೇಗದಲ್ಲಿ ಓಡುತ್ತಿದ್ದ ನಾಡದ ಮೇಲೆ ಒಂದು ಸ್ಥಾಯಿ ಕೆಳಗೆ ನುಡಿಸಿ, ಅನಂತರ ನಾಡವನ್ನು ಪೂರ್ಣ ವೇಗದಲ್ಲಿ ಓಡಿಸಿದನು. ಹೀಗಿರುವಲ್ಲಿ ‘ಗೀತ’ವೆಂದರೆ ಮಟ್ಟೂ ಮಾತೂ ಮಾತ್ರವೇ, ಅಥವಾ ಮುದ್ರಿಕೆಯಲ್ಲಿ ಕೇಳುವುದೆಲ್ಲವೂ ಗೀತವೇ ಎಂಬುದನ್ನು ತೀರ್ಮಾನಿಸದೆ ಕರ್ತೃವನ್ನು ಹುಡುಕಲು ಸಾಧ್ಯವಿಲ್ಲ. ಲೆನನ್ನನಿಗಾಗಲಿ ಮೆಕಾರ್ಟ್ನಿಗಾಗಲಿ ಸ್ವರಲಿಪಿಯನ್ನು ಬರೆಯಬಾರದು. ಸ್ವರಲಿಪಿಯ ಪುಸ್ತಕವು ಮುದ್ರಿಕೆಯನ್ನು ಕೇಳಿ ಪರಹಸ್ತದಿಂದ ಇಳಿಸಿದ ಪ್ರತಿ, ಮುದ್ರಿಕೆಯೇ ಮೂಲಪ್ರತಿ. ಓಲೆಗರಿ ಮೊದಲಿದ್ದು ಗಾಯನವು ಅನಂತರ ಬರುವ ಕ್ರಮವು ಇಲ್ಲಿ ತಲೆಕೆಳಗಾಗಿದೆ.

ಈ ಸಂದೇಹವು ನ್ಯಾಯಾಸ್ಥಾನದ ಮುಂದೆ ಬಂದ ಪ್ರಸಂಗವೊಂದುಂಟು. ಪ್ರೊಕೋಲ್ ಹಾರಮ್ ಎಂಬ ಇಂಗ್ಲಿಷ್ ಮೇಳದ ‘ಎ ವೈಟರ್ ಶೇಡ್ ಆಫ್ ಪೇಲ್’ ೧೯೬೭ರಲ್ಲಿ ಹೊರಬಂದಾಗ ಮಾತು ಕೀತ್ ರೀಡನದೆಂದೂ ಸಂಗೀತವು ಗ್ಯಾರಿ ಬ್ರೂಕರನದೆಂದೂ ನಮೂದಾಗಿತ್ತು. ಆದರೆ ಆ ಗೀತವನ್ನು ನೆನೆದವರ ಕಿವಿಯಲ್ಲಿ ಮೊದಲು ಮೊಳಗುವುದು ಆರಂಭದ ಆರ್ಗನ್ ವಾದನ; ಅದು ಮ್ಯಾಥ್ಯೂ ಫಿಷರನ ರಚನೆ. ಅವನು ೨೦೦೫ರಲ್ಲಿ ಹಕ್ಕನ್ನು ಸಾಧಿಸಲು ಹೊರಟನು. ೨೦೦೬ರಲ್ಲಿ ಲಂಡನ್ನಿನ ಹೈಕೋರ್ಟು ಅವನನ್ನು ಸಹಕರ್ತೃವೆಂದು ಒಪ್ಪಿ, ಸಂಗೀತದ ಸ್ವಾಮ್ಯದಲ್ಲಿ ನೂರಕ್ಕೆ ೪೦ರ ಪಾಲನ್ನು ವಿಧಿಸಿತು. ೨೦೦೮ರಲ್ಲಿ ಮೇಲಣ ನ್ಯಾಯಾಸ್ಥಾನವು, ಸಹಕರ್ತೃತ್ವವು ನಿಜವಾದರೂ ಇಷ್ಟು ತಡಮಾಡಿದವನಿಗೆ ಪಾಲು ಸಲ್ಲದೆಂದು ಹೇಳಿತು. ೨೦೦೯ರ ಜುಲೈ ೩೦ರಂದು ಹೌಸ್ ಆಫ್ ಲಾರ್ಡ್ಸ್ ಸಭೆಯು ಆ ಪಾಲನ್ನು ಮತ್ತೆ ಕೊಡಿಸಿತು. ವ್ಯಾಜ್ಯಕ್ಕೆ ಹಿಂದಣ ೩೮ ವರ್ಷಗಳ ಗೌರವಧನವು ಮಾತ್ರ ಅವನಿಗೆ ದಕ್ಕಲಿಲ್ಲ. ವಾದ್ಯವನ್ನು ನುಡಿಸುವವನೂ ರಚಿಸುವವನಾಗಬಹುದೆಂಬುದು ಇಲ್ಲಿ ಸ್ಥಾಪಿತವಾಯಿತು.

ಅಮೆರಿಕೆಯ ವ್ಯಾಜ್ಯವೊಂದು ಇದಕ್ಕೆ ವಿರುದ್ಧವಾದ ಮುಖವನ್ನು ತೋರಿಸುತ್ತದೆ. ಲೆಡ್ ಜೆಪ್ಪೆಲಿನ್ ಮೇಳದ ‘ಸ್ಟೇರ್‌ವೇ ಟು ಹೆವನ್’ (೧೯೭೧) ಎಂಬುದರ ಆರಂಭವು ಸ್ಪಿರಿಟ್ ಎಂಬ ಮೇಳದ ‘ಟಾರಸ್’ (೧೯೬೮) ಎಂಬುದರಿಂದ ಬಂದುದೆಂದು ೨೦೧೪ರಲ್ಲಿ ದಾವೆ ಹೂಡಲ್ಪಟ್ಟಿತು. ಆ ರಚನೆಗೆ ೧೯೦೯ರ ಶಾಸನವು ಅನ್ವಯಿಸುತ್ತಿದ್ದುದರಿಂದ, ೧೯೬೭ರಲ್ಲಿ ಸರಕಾರದ ಕಚೇರಿಗೆ ಒಪ್ಪಿಸಿದ್ದ ಒಂದೇ ಹಾಳೆಯ ಸ್ವರಲಿಪಿಗೆ ಮಾತ್ರ ರಕ್ಷಣೆಯೆಂದು ನ್ಯಾಯಾಸ್ಥಾನವು ವಿಧಿಸಿತು. ಆದ್ದರಿಂದ ಸಾಮ್ಯವನ್ನು ಅಳೆಯುವುದಕ್ಕಾಗಿ ಮುದ್ರಿಕೆಯನ್ನು ಜೂರಿಯವರಿಗೆ ಕೇಳಿಸುವಂತಿರಲಿಲ್ಲ. ೨೦೧೬ರಲ್ಲಿ ಜೂರಿಯ ತೀರ್ಪು ಲೆಡ್ ಜೆಪ್ಪೆಲಿನ್ನಿನ ಪರವಾಯಿತು. ೨೦೨೦ರಲ್ಲಿ ಮೇಲಣ ನ್ಯಾಯಾಸ್ಥಾನವು ಅದನ್ನು ಸ್ಥಿರಪಡಿಸಿತು. ಇಳಿಯುವ ಸ್ವರಗಳ ಆ ಸಾಲು ಹಿಂದಿನಿಂದಲೂ ಎಲ್ಲರ ಸೊತ್ತಾಗಿದ್ದುದರಿಂದ ತೀರ್ಪು ತಪ್ಪೆಂದು ಹೇಳಬೇಕಾಗಿಲ್ಲ. ಆದರೆ ಕೇಳುಗರು ಕೇಳಿದ ಪಾಠ ಒಂದು, ನ್ಯಾಯವು ನೋಡಿದ ಪಾಠ ಮತ್ತೊಂದು ಎಂಬುದು ವಿಮರ್ಶಕನು ಗಮನಿಸತಕ್ಕ ಸಂಗತಿ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ನುಡಿಸಿದವರೆಲ್ಲರೂ ಕರ್ತೃಗಳಾದರೆ ಕರ್ತೃತ್ವವೆಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಬ್ಲೂಸ್ ಎಂಬ ಕರಿಯ ಜನರ ಹಾಡಿನ ಸಂಪ್ರದಾಯದಲ್ಲಿ ನುಡಿಗಳೂ ಮಟ್ಟುಗಳೂ ಬಾಯಿಂದ ಬಾಯಿಗೆ ಸಾಗಿಬಂದುವಾದ್ದರಿಂದ ಸಾಲವೆಂಬ ಮಾತೇ ಸಲ್ಲದು ಎಂಬುದು ಅದರ ಸಾರ. ಇದಕ್ಕೆ ಸಮಾಧಾನವು ಎರಡು ವಿಧ. ಒಂದು ಭಾಗವನ್ನು ತೆಗೆದುಹಾಕಿದಲ್ಲಿ ಗೀತವು ಗುರುತು ಸಿಕ್ಕದಂತಾಗುವುದಾದರೆ, ಮತ್ತು ಮುಂದೆ ಹಾಡುವವರೆಲ್ಲರೂ ಅದನ್ನು ಉಳಿಸಿಕೊಳ್ಳಲೇಬೇಕಾಗುವುದಾದರೆ, ಅದು ರಚನೆ, ಇಲ್ಲವಾದರೆ ವಾದನ. ಎರಡನೆಯದಾಗಿ, ಎಲ್ಲರ ಬಾಯಲ್ಲಿದ್ದ ನುಡಿ ಬೇರೆ, ಒಬ್ಬನು ಕಟ್ಟಿದ ನುಡಿ ಬೇರೆ. ಲೆಡ್ ಜೆಪ್ಪೆಲಿನ್ನಿನ ‘ಹೋಲ್ ಲಾಟಾ ಲವ್’ (೧೯೬೯) ಮೇಳದ ನಾಲ್ವರ ಹೆಸರಿನಲ್ಲಿ ಹೊರಬಂದಿತು. ಅದರ ಸಾಹಿತ್ಯದ ಬಹುಭಾಗವು ವಿಲೀ ಡಿಕ್ಸನ್ ರಚಿಸಿ ಮಡ್ಡಿ ವಾಟರ್ಸ್ ೧೯೬೨ರಲ್ಲಿ ಹಾಡಿದ ‘ಯು ನೀಡ್ ಲವ್’ ಎಂಬುದರಿಂದ ಬಂದುದು. ಡಿಕ್ಸನ್ ೧೯೮೫ರಲ್ಲಿ ದಾವೆ ಹೂಡಿದನು. ೧೯೮೭ರಲ್ಲಿ ರಾಜಿಯಾಗಿ, ತರುವಾಯದ ಮುದ್ರಿಕೆಗಳಲ್ಲಿ ಅವನ ಹೆಸರೂ ಸೇರಿತು. ಇಲ್ಲಿ ಸಂಪ್ರದಾಯವೆಂಬ ಮಾತು ಬದುಕಿದ್ದ ಕವಿಯೊಬ್ಬನನ್ನು ಮರೆಮಾಡುವ ತೆರೆಯಾಗಿದ್ದಿತು. ಹಾಡು ಲೋಕವನ್ನೆಲ್ಲ ಸುತ್ತಿದ ಹದಿನೆಂಟು ವರ್ಷಗಳ ಕಾಲ, ಅದರ ಮಾತನ್ನು ಕಟ್ಟಿದವನು ಅದರ ಚೀಟಿಯ ಹೊರಗೆ ನಿಂತಿದ್ದನು.

ಮೇಲಣ ನಿದರ್ಶನಗಳನ್ನು ಒಟ್ಟಿಗೆ ನೋಡಿದಲ್ಲಿ, ‘ಈ ಹಾಡು ಯಾರದು’ ಎಂಬ ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳು ಅಡಗಿರುವುದು ಸ್ಪಷ್ಟವಾಗುತ್ತದೆ. ಸ್ವಾಮ್ಯವು ಯಾರದು? ಮಟ್ಟನ್ನೂ ಮಾತನ್ನೂ ಕಟ್ಟಿದವರಾರು? ಕಿವಿಗೆ ಕೇಳುವ ಈ ರೂಪವನ್ನು ಕೊಟ್ಟವರಾರು? ಮೊದಲನೆಯದಕ್ಕೆ ಕರಾರು ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಸಾಕ್ಷ್ಯವನ್ನು ತೂಗಬೇಕು. ಮೂರನೆಯದಕ್ಕೆ ಮುದ್ರಿಕೆಯನ್ನೇ ಮೂಲಪ್ರತಿಯೆಂದು ಇಟ್ಟುಕೊಂಡು ಕೇಳಬೇಕು. ಈ ಮೂರನ್ನೂ ಬೆರಸಿದ ವಿಮರ್ಶೆಯು ಒಬ್ಬನ ಗುಣವನ್ನು ಮತ್ತೊಬ್ಬನಲ್ಲಿ ಹೊಗಳುವುದು, ಒಬ್ಬನ ದೋಷಕ್ಕೆ ಮತ್ತೊಬ್ಬನನ್ನು ದೂಷಿಸುವುದು. ಹಣದ ಪಾಲನ್ನು ನ್ಯಾಯಾಸ್ಥಾನವು ತಡವಾಗಿಯಾದರೂ ಹಂಚಬಲ್ಲದು. ಮನ್ನಣೆಯ ಪಾಲನ್ನು ಹಂಚುವ ಹೊಣೆ ವಿಮರ್ಶಕನದು.