ಒಂದು ಅಂಚೆಕಾರ್ಡಿನ ಕಥೆ

ಜೆ. ಆರ್. ಡಿ. ಟಾಟಾರವರನ್ನು ಕುರಿತು ಶ್ರೀಮತಿ ಸುಧಾ ಮೂರ್ತಿಯವರು ಬರೆದ ಪ್ರಬಂಧವನ್ನು ಅರಿಯದ ವಾಚಕರು ವಿರಳ. 1974ರಲ್ಲಿ ಟೆಲ್ಕೋ ಕಂಪನಿ ಎಂಜಿನಿಯರುಗಳನ್ನು ಕರೆದು, ಸ್ತ್ರೀಯರು ಅರ್ಜಿ ಹಾಕಬೇಕಿಲ್ಲವೆಂದು ಜಾಹೀರಾತಿನಲ್ಲಿ ಸೇರಿಸಿತ್ತು. ಬೆಂಗಳೂರಿನಲ್ಲಿ, ಟಾಟಾರವರ ಮನೆತನವೇ ಕಟ್ಟಿಸಿದ ವಿಜ್ಞಾನ ಸಂಸ್ಥೆಯಲ್ಲಿ ಓದುತ್ತಿದ್ದ ಹುಡುಗಿ ಅವರಿಗೇ ಕಾರ್ಡು ಬರೆದಳು. ಪುಣೆಗೆ ಕರೆ ಬಂತು, ಕೆಲಸವೂ ದೊರೆಯಿತು. ಹಾಸ್ಟೆಲಿನ ಗೆಳತಿಯರು ಸೀರೆ ತರಲೆಂದು ತಲಾ 30 ರೂಪಾಯಿ ಕೊಟ್ಟು ಕಳಿಸುವ ಭಾಗ ಬಲು ಸೊಗಸು. ಅಲ್ಲಿ ಲೇಖಿಕೆ ಅಬಲೆಯೂ ಅಲ್ಲ, ವೀರಾಂಗನೆಯೂ ಅಲ್ಲ. ಹುಬ್ಬಳ್ಳಿಯ ದಿಟ್ಟ ಹುಡುಗಿ, ಅಷ್ಟೆ.

ನನ್ನ ತಕರಾರು ಬೇರೆ. ಟಾಟಾರವರ ಔದಾರ್ಯ ಬೆಳಗಿದಷ್ಟೂ ಪ್ರಬಂಧವು ದೊರೆಗೆ ದೂರಿತ್ತು ನ್ಯಾಯ ಪಡೆದ ಅಜ್ಜಿಕಥೆಯಾಗುತ್ತದೆ. ಕಾರ್ಡು ಬರೆಯಲು ತೋಚದ ಉಳಿದ ಹುಡುಗಿಯರ ಪಾಡೇನು? ಅಚ್ಚಾದ ನಿಷೇಧಕ್ಕಾದರೋ ಉತ್ತರ ಬರೆಯಬಹುದು, ಅಚ್ಚಾಗದ್ದೂ ಒಂದಿತ್ತು. ಇನ್ಫೋಸಿಸ್ಸಿಗೆ ಮೊದಲ 10,000 ರೂಪಾಯಿ ಆಕೆಯದೇ. ಆದರೂ ಗಂಡಹೆಂಡಿರಿಬ್ಬರೂ ಒಂದೇ ಕಂಪನಿಯಲ್ಲಿ ಕೂಡದೆಂದು ಶ್ರೀ ನಾರಾಯಣ ಮೂರ್ತಿಯವರು ನಿಲುವು ತಳೆದರು. ಅದು ತಪ್ಪಾಗಿತ್ತೆಂದು 2024ರಲ್ಲಿ ಅವರೇ ಹೇಳಿದರು. 1982ರಲ್ಲಿ ಆಕೆ ಟೆಲ್ಕೋ ಬಿಟ್ಟದ್ದನ್ನು ಪ್ರಬಂಧ ಒಂದೆರಡು ಮಾತಿನಲ್ಲಿ ದಾಟಿ, ಟಾಟಾರವರ ಹಿತವಚನಕ್ಕೆ ಓಡುತ್ತದೆ. ಸೀರೆಗೆ ಕೊಟ್ಟಷ್ಟು ಎಡೆಯನ್ನಾದರೂ ಅದಕ್ಕೆ ಕೊಡಬಹುದಿತ್ತು.