‘ಮೈನಾರಿಟಿ’ಯ ಅರ್ಥಗಳು, ‘ಅಲ್ಪ’ದ ಹೊರೆ

ಇಂಗ್ಲಿಷಿನ ‘ಮೈನಾರಿಟಿ’ ಬಹುಕಾಲ ವಯಸ್ಸಿನ ಪದವಾಗಿಯೇ ಹೆಚ್ಚು ಬಳಕೆಯಲ್ಲಿತ್ತು. ಪಾಲಕರ ಅಧೀನದಲ್ಲಿರಬೇಕಾದ ಅಪ್ರಾಪ್ತಾವಸ್ಥೆ ಅದರ ಅರ್ಥ. ಮತಗಣನೆಯಲ್ಲಿ ಕಡಿಮೆಯಾದ ಪಕ್ಷವೆಂಬ ಅರ್ಥ ಆಮೇಲಿನದು. ಭಾಷೆ, ಧರ್ಮಗಳಿಂದ ಭಿನ್ನವಾದ ಸಮುದಾಯವೆಂಬ ಅರ್ಥ ನೆಲೆಗೊಂಡದ್ದು ಮೊದಲ ಮಹಾಯುದ್ಧಾನಂತರದ ಒಪ್ಪಂದಗಳ ಕಾಲದಲ್ಲಿ. ಕನ್ನಡವು ಇವನ್ನು ಅಪ್ರಾಪ್ತತೆ, ಅಲ್ಪಮತ, ಅಲ್ಪಸಂಖ್ಯಾತರು ಎಂದು ಬೇರ್ಪಡಿಸಿತು. ಪಾಲಕತ್ವದ ನೆರಳು ಕಳಚಿತು, ನಿಜ. ಆದರೆ ‘ಅಲ್ಪ’ ಬರಿಯ ಸಂಖ್ಯಾವಾಚಕವಲ್ಲ. ಅಲ್ಪನಿಗೆ ಐಶ್ವರ್ಯ ಬಂದ ಗಾದೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ಸಂಖ್ಯೆಯಾದರೂ ಯಾವ ಘಟಕದ್ದು? 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದ ತೀರ್ಪಿನಂತೆ ರಾಜ್ಯವೇ ಘಟಕ. ಮಂಜೇಶ್ವರದ ಕಡೆಯ ಒಂದು ಗ್ರಾಮದಲ್ಲಿ ಕನ್ನಡಿಗರೇ ಹೆಚ್ಚಿದ್ದರೂ ಲೆಕ್ಕ ಇಡೀ ಕೇರಳದ್ದು. ರಕ್ಷಣೆ ದೊರೆಯುವುದೂ ಆ ಲೆಕ್ಕದಿಂದಲೇ ಎನ್ನಿ.

ಸಂವಿಧಾನದ 29ನೇ ವಿಧಿಯನ್ನು ಉಲ್ಲೇಖಿಸುವ ನಮ್ಮ ಲೇಖಕರು ಸಾಮಾನ್ಯವಾಗಿ ಅದರ ತಲೆಬರಹದಲ್ಲೇ ನಿಲ್ಲುತ್ತಾರೆ. ವಿಧಿಯ ಒಡಲಲ್ಲಿ ‘ಮೈನಾರಿಟಿ’ ಎಂಬ ಪದವೇ ಇಲ್ಲ. ತನ್ನದೇ ಭಾಷೆ, ಲಿಪಿ ಅಥವಾ ಸಂಸ್ಕೃತಿಯುಳ್ಳ ನಾಗರಿಕರ ಯಾವುದೇ ವಿಭಾಗಕ್ಕೆ ಅದನ್ನು ಕಾಪಾಡಿಕೊಳ್ಳುವ ಹಕ್ಕಿದೆ ಎಂಬುದು ಅಲ್ಲಿನ ಮಾತು. ಆಧಾರ ಭಿನ್ನತೆಯೇ ಹೊರತು ತಲೆಯೆಣಿಕೆಯಲ್ಲ. 30 ಮತ್ತು 350ಎ ವಿಧಿಗಳ ಮಾತು ಬೇರೆ. ಅಲ್ಲಿ ಪದ ಒಡಲಲ್ಲೇ ಇದೆ. 29ನ್ನು ಕನ್ನಡಿಸುವವರು ತಲೆಬರಹವನ್ನು ಒಡಲಿಗೆ ಬೆರೆಸದಿದ್ದರೆ ಸಾಕು.