ಎರಡು ತುದಿಯ ನಡುವೆ

ದವಡೆ ಸರಿಪಡಿಸಿಕೊಳ್ಳಲು ಬರುವವರ ಮನಸ್ಸನ್ನು ಅಳೆಯಲು ಒಂದು ಪ್ರಶ್ನಾವಳಿ ಇದೆ. ಲಂಡನ್ನಿನಲ್ಲಿ ಸೂಸನ್ ಕನ್ನಿಂಗ್‌ಹ್ಯಾಮ್ ಮತ್ತು ಸಂಗಡಿಗರು ರೂಪಿಸಿ 2000ದಲ್ಲಿ ಪ್ರಕಟಿಸಿದ್ದು. ಪ್ರಶ್ನೆ 22, ಒಂದೊಂದಕ್ಕೆ ಹೆಚ್ಚೆಂದರೆ 4 ಅಂಕ. ಅಂಕ ಏರಿದಷ್ಟೂ ಸಂಕಟ ಜಾಸ್ತಿ. ಎಕ್ಸ್‌ರೇ ಮೇಲೆ ಗೆರೆ ಎಳೆದು ಕೋನ ಲೆಕ್ಕ ಹಾಕುವ ವೈದ್ಯರ ಮುಂದೆ, ಬಾಯಿಗೆ ಕೈ ಅಡ್ಡ ಹಿಡಿದೇ ನಗುವವರ ಪಾಡನ್ನೂ ಇಟ್ಟಿತಲ್ಲ, ಅದಕ್ಕೆ ಮೆಚ್ಚಲೇಬೇಕು.

ಆದರೆ ಇದನ್ನು ಸಾಮಾನ್ಯವಾಗಿ ತುಂಬಿಸಿಕೊಳ್ಳುವುದು ಚಿಕಿತ್ಸೆಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ. ನಿಜವಾದ ಫಜೀತಿ ಇರುವುದು ನಡುವೆ. ಕೆಳದವಡೆ ಮುಂದೆ ಬೆಳೆದವರಲ್ಲಿ ಹಲ್ಲುಗಳು ಆ ಅಂತರವನ್ನು ಮುಚ್ಚಲು ತಾವೇ ಬಾಗಿರುತ್ತವೆ: ಕೆಳಗಿನವು ಒಳಕ್ಕೆ, ಮೇಲಿನವು ಹೊರಕ್ಕೆ. ಆಪರೇಷನ್ನಿಗೆ ಮುಂಚೆ ಕ್ಲಿಪ್ ಹಾಕಿ ಅವನ್ನು ನೆಟ್ಟಗೆ ಮಾಡುತ್ತಾರೆ. ಮುಚ್ಚಿಕೊಂಡಿದ್ದ ದೋಷ ಆಗ ಬಯಲಾಗಿ, ಗದ್ದ ಇನ್ನಷ್ಟು ಮುಂದೆ ಬಂದಂತೆ ಕಾಣುತ್ತದೆ. ಚೆಂದವಾಗಲೆಂದು ಬಂದವರು ವರ್ಷ, ಒಂದೂವರೆ ವರ್ಷ ಮೊದಲಿಗಿಂತ ಕೆಟ್ಟ ಮುಖ ಹೊತ್ತು ಕಾಲೇಜಿಗೋ ಕೆಲಸಕ್ಕೋ ಓಡಾಡಬೇಕು. ಮೊದಲೇ ಆಪರೇಷನ್ ಮಾಡಿ ಆಮೇಲೆ ಹಲ್ಲು ಸರಿಪಡಿಸುವ ದಾರಿಯೂ ಇದೆ, ಎಲ್ಲರಿಗೂ ಒಗ್ಗದು. ಆಪರೇಷನ್ ಆದಮೇಲೂ ಊದಿದ ಮುಖ, ಗಂಜಿಯ ಊಟ, ಜೋಮು ಹಿಡಿದ ಕೆಳತುಟಿ. ಆ ತುಟಿಯ ಜೋಮು ಕೆಲವರಿಗೆ ಪೂರ್ತಿ ಬಿಡುವುದೇ ಇಲ್ಲ. ಎರಡು ತುದಿಯ ಅಂಕ ಹೋಲಿಸಿ 'ಸುಧಾರಣೆ' ಎಂದು ಬರೆದುಬಿಟ್ಟರೆ ಇದೆಲ್ಲ ಯಾವ ಲೆಕ್ಕಕ್ಕೆ ಬಂತು?

ಇನ್ನೊಂದು ಕೊರತೆ. ಕಣ್ಣಿಗೆ ರಾಚುವ ದೋಷವಿದ್ದು ನೊಂದವರಿಗೂ, ಎಳ್ಳಷ್ಟು ವ್ಯತ್ಯಾಸವನ್ನೇ ಬೆಟ್ಟ ಮಾಡಿಕೊಂಡು ದಿನವಿಡೀ ಕನ್ನಡಿ ನೋಡುವವರಿಗೂ ಇಲ್ಲಿ ಒಂದೇ ಅಂಕ ಬರಬಹುದು. ಎರಡನೆಯವರಿಗೆ ಬೇಕಿರುವುದು ಮನೋವೈದ್ಯರು. ಮೂಳೆ ಕತ್ತರಿಸಿದರೆ ಅವರ ಕೊರಗು ಇನ್ನೊಂದು ಜಾಗಕ್ಕೆ ಹೋಗಿ ಕೂರುತ್ತದೆ, ಅಷ್ಟೆ.

ನಮ್ಮಲ್ಲಿ ಮತ್ತೊಂದು ಪ್ರಶ್ನೆ ಸೇರಬೇಕು: ಇದು ಯಾರ ಆಸೆ? "ಗಂಡಿನ ಕಡೆಯವರು ಬರೋದ್ರೊಳಗೆ ಮುಗಿಯುತ್ತಾ ಡಾಕ್ಟ್ರೇ?" ಎಂದು ಅಮ್ಮ ಕೇಳುತ್ತಿದ್ದರೆ, ಪಕ್ಕದಲ್ಲಿ ಕೂತ ಮಗಳು ಹೌದೆನ್ನದೆ ಇನ್ನೇನು ಹೇಳಿಯಾಳು? ಒಪ್ಪಿಗೆ ಪತ್ರದ ಸಹಿ ಅವಳದೇ ಇರಬಹುದು, ನಿರೀಕ್ಷೆ ಮಾತ್ರ ಮನೆಯವರದು. ಸಂಬಂಧ ಕೂಡಿಬರದಿದ್ದರೆ, ಎಷ್ಟೇ ಚೊಕ್ಕವಾಗಿ ಕೂಡಿಸಿದ ದವಡೆಯೂ ಅವಳ ಪಾಲಿಗೆ ಸೋಲೇ. ಕ್ಲಿಪ್ ಬಿಗಿ ಮಾಡಿಸಲು ಹೇಗೂ ತಿಂಗಳಿಗೊಮ್ಮೆ ಬರುತ್ತಾಳಲ್ಲ, ಅಮ್ಮನನ್ನು ಹೊರಗೆ ಕೂರಿಸಿ ಅದೇ ಹಾಳೆಯನ್ನು ಅವಳ ಕೈಗೆ ಆಗಾಗ ಕೊಡಲಿ.